ಮೂಕಪೆಟ್ಟು

ಸಂಕ್ರಮಣ ಕಳೆದು ಮೆಣಸಿನಕಾಯಿ ಸುಗ್ಗಿ ಏರಿತೆಂದರೆ ಬ್ಯಾಡಗಿಯ ಬೆಳಕೇ ಬೇರೆಯಾಗುತ್ತದೆ. ಪೇಟೆಯ ಅಂಗಳದಲ್ಲಿ ಸುರಿದ ಕೆಂಪು ರಾಶಿಗಳ ಮೇಲೆ ಬಿದ್ದ ಬಿಸಿಲು ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಣ್ಣ ಬಳಿದುಕೊಂಡು, ಆಮೇಲೆ ಓಣಿಗಳಿಗೆ ಹೋಗುತ್ತದೆಯೇನೋ ಅನ್ನಿಸುತ್ತದೆ. ಹೊಸಬರು ಕೆಮ್ಮುತ್ತಾರೆ. ಊರವರಿಗೆ ಆ ಘಾಟೇ ಗಾಳಿ.

ಹಾವೇರಿ ಇನ್ನೂ ತಾಲೂಕಾಗಿಯೇ ಇದ್ದ ಕಾಲ. ಪೇಟೆಯ ಹಿಂದಿನ ಓಣಿಯಲ್ಲಿ ರಹಿಮಾನಸಾಬರದು ಗೋಣಿಚೀಲದ ಅಂಗಡಿ. ಅದರ ಬೆನ್ನಿಗೇ ಮನೆ. ಅಂಗಡಿ ಆ ಓಣಿಗಷ್ಟೇ ಗೊತ್ತು. ಅವರ ಹೆಂಡತಿ ಕುಲ್ಸುಮಬಿಯ ಕೈ ಮಾತ್ರ ಕದರಮಂಡಲಗಿ, ಮೋಟೆಬೆನ್ನೂರು, ಅತ್ತ ಹೊಳೆದಂಡೆಯ ಐರಣಿಯವರೆಗೂ ಗೊತ್ತು. ಉಳುಕಿದ ಕಾಲು, ಹಿಡಿದ ಬೆನ್ನು, ಎತ್ತು ಹಾಯ್ದ ಪಕ್ಕೆ ಎಲ್ಲವೂ ಆ ಮನೆಯ ಪಡಸಾಲೆಯ ಚಾಪೆಗೆ ಬರುತ್ತಿದ್ದವು. ಐವತ್ತೈದು ದಾಟಿದ ಆಕೆ ಔಡಲೆಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ ತಿಕ್ಕಲು ಕುಳಿತರೆ, ಕೈಗಳೇ ಎಚ್ಚರವಿದ್ದು ಉಳಿದ ಮೈಯೆಲ್ಲ ನಿದ್ದೆ ಹೋದಂತೆ ಕಾಣುತ್ತಿತ್ತು.

ಆಕೆಯ ಹತ್ತಿರ ಹೆಚ್ಚಾಗಿ ಬರುತ್ತಿದ್ದುದು ಮೂಕಪೆಟ್ಟು. ಗಾಯ ಬಾಯಿ ತೆರೆದಿರುವುದಿಲ್ಲ, ಹನಿ ರಕ್ತ ಕಾಣುವುದಿಲ್ಲ. ಬಿದ್ದ ಪೆಟ್ಟು ಚರ್ಮದ ಕೆಳಗೆಲ್ಲೋ ಮಾತಾಡದೆ ಕುಳಿತಿರುತ್ತದೆ. ಒಳಗೆ ಕೆಟ್ಟ ರಕ್ತ ಹೆಪ್ಪುಗಟ್ಟಿದೆ, ಅದನ್ನು ತಿಕ್ಕಿ ಕರಗಿಸಬೇಕು ಎಂದು ಕಲಿಸಿಕೊಟ್ಟವಳು ತೀರಿಹೋದ ಅತ್ತೆ ರಸೂಲಬಿ. ಕೈಯ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು. ಮೂರು ದಿನ ಆ ಮೈ ಕೈಗೆ ಸೇರಿದ್ದು. ಆ ಮೂರು ದಿನ ಸೂಜಿ ತಾಗಬಾರದು. ಸೂಜಿ ತಾಗಿದ ಮೈಗೆ ಕೈ ಹತ್ತುವುದಿಲ್ಲ. ಹೀಗಾಗಿ ಪೇಟೆಯ ಹಮಾಲರು ಎಂಥ ಪೆಟ್ಟು ಬಿದ್ದರೂ ಮೊದಲು ದವಾಖಾನೆಯ ದಾರಿ ಹಿಡಿಯುತ್ತಿರಲಿಲ್ಲ.

ತಿಕ್ಕುತ್ತ ತಿಕ್ಕುತ್ತ, ನರಳುತ್ತಿದ್ದವನು ನರಳುವುದನ್ನು ಬಿಟ್ಟು ಸುಮ್ಮನಾಗುವ ಒಂದು ಗಳಿಗೆ ಬರುತ್ತಿತ್ತು. ಆಗ ಸುತ್ತಲಿನವರು ಬಿಗಿಹಿಡಿದ ಉಸಿರು ಬಿಟ್ಟು, ‘ಕೈ ಹತ್ತಿತು’ ಎನ್ನುತ್ತಿದ್ದರು. ಆ ಎರಡು ಮಾತು ಕೇಳುವುದಕ್ಕಾಗಿಯೇ ಕುಲ್ಸುಮಬಿ ಬದುಕಿದ್ದಳು ಎಂದರೂ ನಡೆದೀತು.

ಹಿಂದಿನ ವರ್ಷದ ಸುಗ್ಗಿಯಲ್ಲಿ ಮೈಲಪ್ಪನೆಂಬ ಹಮಾಲನಿಗೂ ಹಾಗೆಯೇ ಕೈ ಹತ್ತಿತ್ತು. ಮರುದಿನ ಬೆಳಿಗ್ಗೆ ಅವನು ಏಳಲಿಲ್ಲ. ಆಯುಷ್ಯ ತೀರಿತ್ತು ಎಂದರು. ಅವನ ಹೆಂಡತಿ ನೀಲಗಂಗವ್ವ ಈಗ ರಹಿಮಾನಸಾಬರ ಅಂಗಡಿಯಲ್ಲಿ ಹರಿದ ಚೀಲ ಹೊಲಿಯುತ್ತಿದ್ದಳು. ದಬ್ಬಣ ಗೋಣಿಯೊಳಗೆ ಇಳಿದು ಹೊರಬರುವ ಸಪ್ಪಳ ದಿನವಿಡೀ ಮನೆಯೊಳಗೆ ಕೇಳುತ್ತಿತ್ತು. ಆಕೆಯ ದನಿ ಮಾತ್ರ ಕೇಳುತ್ತಿರಲಿಲ್ಲ.

ಅವಳನ್ನು ಮಾತಿಗೆಳೆದವಳು ಜಾಹೀದಾ, ಕುಲ್ಸುಮಬಿಯ ಸೊಸೆ. ರಾಣೆಬೆನ್ನೂರಿನ ಹುಡುಗಿ, ನರ್ಸ್ ತರಬೇತಿ ಮುಗಿಸಿ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದವಳು. ಮದುವೆಯಾಗಿ ಬಂದ ಮೇಲೆ ಮಾವ ಕೆಲಸ ಬಿಡಿಸಿದ್ದರು. ಒಂದು ದಿನ ಚಹಾ ಕೊಡಲು ಹೋದವಳು ಚೀಲಗಳ ಮೇಲೆಯೇ ಕುಳಿತುಬಿಟ್ಟಳು. ಒಳಗೆ ಅಕ್ಕಿ ಆರಿಸುತ್ತಿದ್ದ ಕುಲ್ಸುಮಬಿಗೆ ಪ್ರತಿ ಮಾತೂ ಕೇಳುತ್ತಿತ್ತು.

“ಅಕ್ಕಾ, ಅವರಿಗೆ ಪೆಟ್ಟು ಬಿದ್ದಿದ್ದು ಎಲ್ಲಿ?”

“ಎಡ ಪಕ್ಕೀಗೆ, ತಂಗಿ. ಒಟ್ಟಿದ್ದ ಚೀಲದ ಥಪ್ಪಿ ಜಾರಿ ನಾಕು ಚೀಲ ಮೈಮ್ಯಾಲ ಬಿದ್ವು. ಎದ್ದು ಅಂಗಿ ಝಾಡಿಸಿಕೊಂಡು ನಕ್ಕ. ‘ನೋಡ, ಮೆಣಸಿನಕಾಯಿ ನನ್ನ ಅಪ್ಪಿಕೊಂಡ್ವು, ನೀ ಒಬ್ಬಾಕಿ ಅಪ್ಪಿಕೊಳ್ಳವಲ್ಲಿ’ ಅಂದ.” ನೀಲಗಂಗವ್ವ ನಕ್ಕಳೋ ಏನೋ, ಒಂದು ಸಣ್ಣ ಉಸಿರು ಕೇಳಿಸಿತು. “ಆಮ್ಯಾಲ ಭುಜ ನೋಯತೈತಿ ಅಂದ. ಎಡ ಭುಜ. ನೀರು, ನೀರು ಅಂದ. ಬೆವತ. ಸಂಜೀಕ ಸುಮ್ಮನಾದ. ಕೈ ಹತ್ತಿತು ಅಂದ್ರು ಎಲ್ಲಾರೂ. ನಾನೂ ಅಂದ್ನಿ.”

ಮಧ್ಯಾಹ್ನ ಅಡಿಗೆಮನೆಯಲ್ಲಿ ಜಾಹೀದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. “ಅಮ್ಮೀ, ಪೆಟ್ಟು ಪಕ್ಕೀಗೆ, ನೋವು ಭುಜಕ್ಕ. ನಿಮಗ ಇದು ಬ್ಯಾರೆ ಅನಸಲಿಲ್ಲೇನ್ರಿ?”

“ಹಮಾಲರ ಭುಜ. ನೋಯದ ಮತ್ತೇನ ಮಾಡತೈತಿ?”

“ಬಕ್ರೀದಕ್ಕ ಆಡಿನ ತಿಲ್ಲಿ ಕೊಯ್ತೀರಲ್ಲ, ಅಂಥದ ತಿಲ್ಲಿ ಮನಷಾಗೂ ಐತ್ರಿ, ಪುಸ್ತಕದಾಗ ಗುಲ್ಮ ಅಂತಾರ, ಎಡ ಪಕ್ಕಿ ಒಳಗ. ಬೆರಳು ಊರಿದ್ರ ಅದು ಹೆಂಗ ಒಡೀತೈತಿ ನಿಮಗ ಗೊತ್ತೈತಿ. ಪೆಟ್ಟಿಗೆ ಅದು ಒಡದ್ರ ರಕ್ತ ಹೊರಗ ಬರೂದಿಲ್ಲ, ಹೊಟ್ಟಿಯೊಳಗ ತುಂಬತೈತಿ. ಅಲ್ಲಿ ತುಂಬಿದ್ದು ಭುಜದಾಗ ನೋಯತೈತಿ. ರಕ್ತ ಕಡಿಮಿ ಆದಂಗ ಮೈ ತಣ್ಣಗಾಗತೈತಿ, ನೀರಡಿಕಿ ಆಗತೈತಿ, ನಾಡಿ ಓಡತೈತಿ. ಕಡೀಕ ಮನಷಾ ಸುಮ್ಮನಾಗತಾನ. ಅಂಥಾ ಪಕ್ಕೀನ ತಿಕ್ಕಿದ್ರ—” ಅವಳು ಅಲ್ಲಿಗೆ ನಿಲ್ಲಿಸಿದಳು.

“ಅಂದ್ರ ತಪ್ಪು ನಂದು ಅಂತೀ ಏನು?”

ಊಟಕ್ಕೆ ಬಂದಿದ್ದ ರಹಿಮಾನಸಾಬರು ಬಾಗಿಲಲ್ಲೇ ನಿಂತಿದ್ದರು.

“ಎರಡು ವರ್ಷ ಬಿಳಿ ಸೀರಿ ಉಟ್ಟು ಥರ್ಮಾಮೀಟರ ಝಾಡಿಸಿದಾಕಿ ನಮ್ಮವ್ವನ ಕೈಗೆ ಪಾಠ ಹೇಳಾಕ ಬಂದಾಳ! ಎಷ್ಟು ನೂರು ಮಂದಿ ಈ ಚಾಪಿಯಿಂದ ಎದ್ದು ನಡೆದು ಹೋಗ್ಯಾರ, ಗೊತ್ತೈತೇನ?”

“ಎದ್ದು ನಡೆದವರನ್ನ ಎಣಿಸೀರಿ, ಅಬ್ಬಾ. ಏಳದವರನ್ನ ಯಾರು ಎಣಿಸ್ಯಾರ್ರಿ?”

“ಬಾಯಿ ಭಾಳ ಆತು. ರೊಟ್ಟಿ ಹೊತ್ತತೈತಿ, ನೋಡು.”

ರೊಟ್ಟಿ ನಿಜವಾಗಿಯೂ ಹೊತ್ತಿತ್ತು.

ಅಂದು ಊಟವಾದ ಮೇಲೆ ಕುಲ್ಸುಮಬಿ ಎಂದಿನಂತೆ ಅಡ್ಡಾದಳು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಪಡಸಾಲೆಯ ತುಂಬ ಕೆಂಪು ರಾಶಿ ಸುರಿದಂತೆ, ಅದರ ನಡುವೆ ಯಾರೋ ಮಲಗಿದಂತೆ ಕಂಡಿತು. ಎಲ್ಲಿ ನೋವೈತಪ್ಪಾ ಎಂದು ಆಕೆ ಕೇಳಿದಳು. ಅವನು ಬಾಯಿ ತೆರೆದ, ದನಿ ಬರಲಿಲ್ಲ. ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹಲಗೆಯಂತೆ ಬಿಗಿದಿತ್ತು, ಹಲಗೆಯ ಕೆಳಗೆ ದೂರದಲ್ಲೆಲ್ಲೋ ನೀರು ಹರಿಯುತ್ತಿತ್ತು. ಕಣ್ಣು ತೆರೆದಾಗ ತನ್ನ ಬಲಗೈಯನ್ನು ತಾನೇ ಎಡಗೈಯಿಂದ ಹಿಡಿದುಕೊಂಡಿದ್ದಳು. ಇದು ಕನಸಲ್ಲ, ನೆನಪು ಎಂದು ಆಕೆಗೆ ಗೊತ್ತಾಯಿತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ. ಮರುದಿನ ಹೊಸರಿತ್ತಿಯಿಂದ ಬಂದವನೊಬ್ಬನ ಬೆನ್ನು ತಿಕ್ಕಿ ಕಳಿಸಿದಳು. ಅವನು ನಡೆದೇ ಹೋದ.

ಹತ್ತು ದಿನ ಕಳೆದಿರಬಹುದು. ಹನ್ನೊಂದು ಗಂಟೆಯ ಸುಮಾರಿಗೆ ಓಣಿಯಲ್ಲಿ ಗದ್ದಲವಾಯಿತು. ಹಮಾಲ ಕೊಟ್ರಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದು ಬರುತ್ತಿದ್ದವನು ಸಲಾವುದ್ದೀನ, ಕುಲ್ಸುಮಬಿಯ ಒಬ್ಬನೇ ಮಗ, ಜಾಹೀದಾಳ ಗಂಡ. ಮುಂಬಯಿಗೆ ಹೊರಟ ಲಾರಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿದು, ಲಾರಿಯ ಅಂಚಿಗೆ ಪಕ್ಕೆ ಬಡಿದು ಕೆಳಗೆ ಬಿದ್ದಿದ್ದ.

“ಗಾಬರಿ ಆಗಬ್ಯಾಡ್ರಿ ಅಮ್ಮಾರ,” ಎಂದ ಕೊಟ್ರಪ್ಪ. “ಹನಿ ರಕ್ತ ಬಂದಿಲ್ಲ. ಬರೇ ಮೂಕಪೆಟ್ಟು. ಬ್ಯಾರೆ ಯಾರರೆ ಆಗಿದ್ರ ನಿಮ್ಮ ಮನೀಗೆ ಹೊತ್ತು ತರಬೇಕಾಗತಿತ್ತು, ಇಂವ ಮನ್ಯಾಗ ಕೈ ಇಟಗೊಂಡ ಬಿದ್ದಾನ!”

“ಅಮ್ಮೀ, ಇವತ್ತ ನಿನ್ನ ಗಿರಾಕಿ ನಾನ,” ಎಂದು ಸಲಾವುದ್ದೀನನೂ ನಕ್ಕ.

ಚಾಪೆಯ ಮೇಲೆ ಮಲಗಿಸಿದರು. ಪಡಸಾಲೆ ತುಂಬ ಗಂಡಸರು. ನೀಲಗಂಗವ್ವ ಹೊಲಿಗೆ ಬಿಟ್ಟು ಬಂದು ಕಂಬದ ಹತ್ತಿರ ನಿಂತಳು. ಜಾಹೀದಾ ನಡುಮನೆಯ ಪರದೆಯ ಹಿಂದಿದ್ದಳು. ಪರದೆಯ ಕೆಳಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಕುಲ್ಸುಮಬಿ ಎಣ್ಣೆಯ ಬಟ್ಟಲು ಎಳೆದುಕೊಂಡಳು. ಕೈ ಪಕ್ಕೆಯ ಕಡೆ ಹೋಗುತ್ತಿದ್ದಂತೆ ಮಗ ಹೇಳಿದ.

“ಪಕ್ಕಿ ಅಷ್ಟೇನ ಇಲ್ಲಮ್ಮೀ. ಈ ಭುಜ ನೋಡು. ಎಡಕಿನದು.”

ಆಕೆಯ ಕೈ ಭುಜಕ್ಕೆ ಹೋಯಿತು. ರೂಢಿ ಅಂಥದು, ಕರೆದಲ್ಲಿಗೆ ಹೋಗಿ ತಿಕ್ಕತೊಡಗಿತು.

“ಅಮ್ಮೀ,” ಪರದೆಯ ಹಿಂದಿನಿಂದ ದನಿ ಬಂತು. “ಎಡ ಭುಜ ಅಂದ್ರಲ್ಲರಿ, ಕೇಳಿದ್ರೇನ?”

“ನೀ ಒಳಗ ಇರು,” ಎಂದರು ರಹಿಮಾನಸಾಬರು.

“ನಾಡಿ ನೋಡ್ರಿ ಅಮ್ಮೀ. ನಿಮ್ಮ ಕಾಲಿಗೆ ಬೀಳ್ತೇನಿ, ನಾಡಿ ನೋಡ್ರಿ.”

ಯಾರೂ ನೋಡಲಿಲ್ಲ. ಸಲಾವುದ್ದೀನ ನೀರು ಕೇಳಿದ. ನೀಲಗಂಗವ್ವ ತಂಬಿಗೆ ತಂದಳು. ಕುಡಿಸಬ್ಯಾಡ್ರಿ, ತುಟಿ ಅಷ್ಟ ಒದ್ದಿ ಮಾಡ್ರಿ ಎಂದು ಪರದೆ ಮತ್ತೆ ಹೇಳಿತು. ಈ ಸಲ ಮಾವ ಗದರಲೂ ಇಲ್ಲ. ಗಾಳಿಗೆ ಪರದೆ ಅಲುಗಾಡಿದರೆ ಯಾರು ತಿರುಗಿ ನೋಡುತ್ತಾರೆ? ಅವನು ಕುಡಿದ. ಮತ್ತೆ ಕೇಳಿದ. ಚಾಪೆಯ ಮೇಲೆ ಅತ್ತಿತ್ತ ಹೊರಳಿದ. ಆಕಳಿಸಿದ. ಹೊರಗೆ ಬಿಸಿಲು ನೆತ್ತಿಗೇರಿ, ಪೇಟೆಯ ಹರಾಜಿನ ಕೂಗು ತೆಳ್ಳಗೆ ತೇಲಿ ಬರುತ್ತಿತ್ತು. ಆಮೇಲೆ ಅವನ ನರಳಿಕೆ ನಿಂತಿತು. ಕಣ್ಣುಗಳು ಅರ್ಧ ಮುಚ್ಚಿದವು.

ಪಡಸಾಲೆಯಲ್ಲಿ ಹಿಡಿದಿದ್ದ ಉಸಿರುಗಳೆಲ್ಲ ಒಮ್ಮೆಲೇ ಬಿಟ್ಟುಕೊಂಡವು.

“ಕೈ ಹತ್ತಿತು,” ಎಂದ ಕೊಟ್ರಪ್ಪ.

“ಹತ್ತದ ಏನ, ಹಡದ ಕೈ,” ಎಂದರು ರಹಿಮಾನಸಾಬರು. “ಮಲಗಲಿ ಬಿಡು ಇನ್ನ.”

ಕುಲ್ಸುಮಬಿ ಆ ಮೌನವನ್ನು ಕೇಳಿದಳು. ಮೂವತ್ತು ವರ್ಷಗಳಲ್ಲಿ ಎಷ್ಟೋ ಮೌನಗಳನ್ನು ಕೇಳಿದ್ದಳು. ನೋವು ಇಳಿದವನ ಮೌನದಲ್ಲಿ ಮೈ ಬೆಚ್ಚಗಿರುತ್ತದೆ, ಉಸಿರು ಉದ್ದವಾಗುತ್ತದೆ, ಮುಖಕ್ಕೆ ಬಣ್ಣ ಬರುತ್ತದೆ. ಇದು ಹಾಗಿರಲಿಲ್ಲ. ಉಸಿರು ಮೇಲೆ ಮೇಲೆ, ಚಿಕ್ಕ ಚಿಕ್ಕದಾಗಿ, ಮನೆ ಬಿಟ್ಟು ಹೋಗುವವರು ಒಂದೊಂದೇ ಗಂಟು ಹೊರಗಿಡುವಂತೆ ಹೋಗುತ್ತಿತ್ತು. ಆಕೆ ಭುಜದಿಂದ ಕೈ ತೆಗೆದು ಹೊಟ್ಟೆಯ ಮೇಲಿಟ್ಟಳು. ಒತ್ತಲಿಲ್ಲ, ಇಟ್ಟಳು ಅಷ್ಟೆ. ಚರ್ಮ ತಣ್ಣಗೆ, ಒದ್ದೆ. ಹೊಟ್ಟೆ ಹಲಗೆಯಾಗಿತ್ತು. ಈ ಹೊಟ್ಟೆಯನ್ನು ಆಕೆ ಒಮ್ಮೆ ಮುಟ್ಟಿದ್ದಳು, ಇದೇ ಚಾಪೆಯ ಮೇಲೆ, ಬೇರೊಬ್ಬನ ಮೈಯಲ್ಲಿ.

“ಹತ್ತಿಲ್ಲ,” ಎಂದಳು.

“ಏನಂದಿ?”

“ಕೈ ಹತ್ತಿಲ್ಲ. ಇದು ಕೈ ಹತ್ತಿದ್ದಲ್ಲ. ಹುಡುಗನ ಮೈಯಾಗಿನ ರಕ್ತ ಒಳಗ ಹೋಗಾಕತ್ತೈತಿ.” ಆಕೆ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಜಾಹೀದಾ, ಹೊರಗ ಬಾ. ಕೊಟ್ರಪ್ಪಾ, ದಲಾಲಿ ಅಂಗಡಿ ಪ್ರಭುಲಿಂಗಪ್ಪಾರ ಜೀಪ ತಗೊಂಡ ಬಾ. ಲಗೂ.”

“ಹುಚ್ಚಿ ಆಗೀ ಏನ?” ರಹಿಮಾನಸಾಬರು ಬಾಗಿಲಿಗೆ ಅಡ್ಡ ಬಂದರು. “ದವಾಖಾನ್ಯಾಗ ಸೂಜಿ ಚುಚ್ಚತಾರ. ಸೂಜಿ ತಾಗಿದ್ರ ಮುಗೀತು, ಮತ್ತ ಕೈಗೆ ಬರೂದಿಲ್ಲ ಮೈ. ಅವ್ವನ ಮಾತು ಮರತೀ? ಮೂರು ದಿನ—”

“ಇವನ ಹತ್ರ ಮೂರು ತಾಸಿಲ್ರಿ.”

“ಹಡದ ಮಗಗ ನೀನ ಕೈ ಹಾಕೂದಿಲ್ಲಂದ್ರ, ನಾಳೆ ಯಾರು ಬರ್ತಾರ ಈ ಬಾಗಲಕ?”

“ಬರಬ್ಯಾಡ್ರಿ. ಯಾರೂ ಬರಬ್ಯಾಡ್ರಿ. ದಾರಿ ಬಿಡ್ರಿ.”

ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಗಂಡನಿಗೆ ದಾರಿ ಬಿಡಿ ಎಂದದ್ದು ಅದೇ ಮೊದಲು. ಅವರು ಬಿಟ್ಟರು.

ಜಾಹೀದಾ ಪರದೆ ಸರಿಸಿ ಬಂದಳು. ತಲೆಯ ಮೇಲಿನ ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಅಂದು ಅದನ್ನು ಯಾರೂ ಹೇಳಲಿಲ್ಲ. ಗಂಡನ ಮಣಿಕಟ್ಟು ಹಿಡಿದು ತುಟಿ ಅಲುಗಿಸುತ್ತ ಎಣಿಸಿದಳು. ಕೆಳಗಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪು ಇರಬೇಕಾದಲ್ಲಿ ಸುಣ್ಣದ ಬಿಳುಪು. ಮಡಚಿದ ಗೋಣಿಚೀಲಗಳನ್ನು ತರಿಸಿ ಕಾಲುಗಳನ್ನು ಎತ್ತರಕ್ಕೆ ಇಟ್ಟಳು. ಕಂಬಳಿ ಹೊದಿಸಿದಳು. ಯಾರೋ ಅಂಗಾಲು ತಿಕ್ಕಲು ಬಂದರು. “ಮುಟ್ಟಬ್ಯಾಡ್ರಿ,” ಎಂದಳು. ಅವಳ ದನಿ ದೊಡ್ಡದಾಗಿರಲಿಲ್ಲ. ಆದರೂ ಬಂದವರು ಹಿಂದೆ ಸರಿದರು.

ರಾಣೆಬೆನ್ನೂರಿನ ದಾರಿ ಮುಂದೆ ಎಷ್ಟೋ ವರ್ಷ ಕುಲ್ಸುಮಬಿಗೆ ಕನಸಿನಲ್ಲಿ ಬರುತ್ತಿತ್ತು. ಜೀಪಿನ ಎರಡೂ ಕಡೆ ಹೊಲಗಳಲ್ಲಿ ಒಣಹಾಕಿದ ಮೆಣಸಿನಕಾಯಿ, ಯಾರೋ ನೆಲದ ಚರ್ಮ ಸುಲಿದಂತೆ. ಮಗನ ತಲೆ ಆಕೆಯ ತೊಡೆಯ ಮೇಲೆ. ಆಕೆಯ ಕೈಗಳು ಅವನ ಎರಡೂ ಕೆನ್ನೆಯ ಮೇಲೆ ಸುಮ್ಮನೆ ಇದ್ದವು. ಏನೂ ಮಾಡದೆ ಒಂದು ಮೈಯ ಮೇಲೆ ಕೈಯಿಡುವುದು ಎಷ್ಟು ಕಷ್ಟದ ಕೆಲಸವೆಂದು ಆ ದಾರಿಯಲ್ಲಿ ತಿಳಿಯಿತು. ತಿಕ್ಕಬೇಕೆಂದು ಬೆರಳುಗಳು ತವಕಿಸುತ್ತಿದ್ದವು. ಎದುರು ಕುಳಿತ ಜಾಹೀದಾ ನಾಡಿ ಬಿಡದೆ, ಆಗಾಗ ಗಂಡನ ಹೆಸರು ಕರೆಯುತ್ತಿದ್ದಳು. ಅವನು ಒಮ್ಮೆ ಹೂಂ ಎನ್ನುತ್ತಿದ್ದ, ಒಮ್ಮೆ ಇಲ್ಲ.

ಜಾಹೀದಾ ಕೆಲಸ ಮಾಡಿದ್ದ ಆಸ್ಪತ್ರೆಯ ಡಾಕ್ಟರು ಅವಳ ಮಾತು ಅರ್ಧ ಕೇಳುವಷ್ಟರಲ್ಲೇ ಸಲೈನ್ ಬಾಟಲಿ ಹಚ್ಚಿಸಿ, ಆಪರೇಷನ್ನಿಗೆ ಅಣಿ ಮಾಡಿಸಿದರು. ರಕ್ತ ಬೇಕೆಂದರು. ಕೊಟ್ರಪ್ಪನದು ಹೊಂದಿತು, ರಹಿಮಾನಸಾಬರದೂ ಹೊಂದಿತು. ಸೂಜಿ ಒಳಗಿಳಿಯುವಾಗ ಸಾಬರು ಮುಖ ಗೋಡೆಗೆ ತಿರುಗಿಸಿದರು. ಪಕ್ಕದ ಮಂಚದಿಂದ ಕೊಟ್ರಪ್ಪ, “ಇನ್ನ ಮ್ಯಾಲ ನಿಮ್ಮ ಮಗ ನಮ್ಮ ಮಂದಿ ಆದ್ರಿ ಸಾಬ್ರ, ಹಬ್ಬಕ್ಕ ಹೋಳಿಗಿ ಕೇಳಿದ್ರ ಇಲ್ಲ ಅನಬ್ಯಾಡ್ರಿ,” ಎಂದ.

ಸಂಜೆ ಡಾಕ್ಟರು ಹೊರಗೆ ಬಂದರು. ತಿಲ್ಲಿ ಒಡೆದಿತ್ತು, ತೆಗೆದಿದ್ದೇವೆ, ಉಳಿಯುತ್ತಾನೆ ಎಂದರು. ಆಮೇಲೆ ಕುಲ್ಸುಮಬಿಯ ಕಡೆ ನೋಡಿ, “ಎಣ್ಣಿ ಹಚ್ಚಿ ತಿಕ್ಕೀರಿ?” ಎಂದು ಕೇಳಿದರು.

“ಹೌದ್ರಿ.”

“ಪಕ್ಕೀನೂ?”

“ಇಲ್ರಿ. ಭುಜ.”

“ನಿಮ್ಮ ಪುಣ್ಯಾ,” ಎಂದು ಅವರು ಒಳಗೆ ಹೋದರು. ಭುಜ ನೋಯುತ್ತದೆಂದು ಅವನು ಹೇಳದಿದ್ದರೆ ಆ ಪಕ್ಕೆಯನ್ನು ತಿಕ್ಕುವವಳು ತಾನೇ ಆಗಿದ್ದಳು. ಕುಲ್ಸುಮಬಿ ಬಾಕಿನ ಮೇಲೆ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು.

ಹನ್ನೆರಡು ದಿನಕ್ಕೆ ಮಗನನ್ನು ಮನೆಗೆ ಕರೆತಂದರು. ಊರು ನೋಡಲು ಬಂತು, ಹೋಯಿತು. ನೀಲಗಂಗವ್ವ ಮಾತ್ರ ಅಷ್ಟೂ ದಿನ ಹೊಲಿಗೆಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಬಂದಳು. ಅಂಗಡಿಗೆ ಹೋಗದೆ ನೇರ ಪಡಸಾಲೆಗೆ ಬಂದು ನಿಂತಳು.

“ಹೆಂಗದಾನ್ರಿ ಸಲಾವುದ್ದೀನ?”

“ಅದಾನವ್ವಾ. ಗಂಜಿ ಕುಡೀತಾನ.”

“ಚಲೋ ಆತ್ರಿ.” “ನಿಮ್ಮ ಮಗಗ ಜೀಪ ತರಿಸಿದ್ರಿ, ಅಮ್ಮಾರ. ನನ್ನ ಗಂಡನ್ನ ಮೂರು ದಿನ ಅಲಗಾಡಸಬ್ಯಾಡ ಅಂದ್ರಿ. ನಾ ಅವತ್ತ ಕೇಳಿದ್ನಿ, ದವಾಖಾನಿಗೆ ಒಯ್ಲೇನ್ರಿ ಅಂತ. ನೆನಪೈತೇನ್ರಿ?”

ಅಂಗಡಿಯ ಕಡೆಯಿಂದ ರಹಿಮಾನಸಾಬರು ಎದ್ದು ಬಂದರು. “ಏ ನೀಲಗಂಗವ್ವ, ದೇವರು ಕರಕೊಂಡ, ಅದಕ್ಕ ಈಕಿ ಏನ ಮಾಡಬೇಕು? ಈಕಿಗೆ ಗೊತ್ತಿತ್ತೇನ?”

“ನೀವು ಸುಮ್ಮನಿರ್ರಿ,” ಎಂದಳು ಕುಲ್ಸುಮಬಿ. ನೀಲಗಂಗವ್ವನ ಮುಖವನ್ನೇ ನೋಡಿದಳು. ಒಂದು ವರ್ಷ ಇದೇ ಮನೆಯಲ್ಲಿದ್ದ ಆ ಮುಖವನ್ನು ತಾನು ನೇರವಾಗಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. “ನೆನಪೈತಿ. ಗೊತ್ತಿರಲಿಲ್ಲ ಅಂದ್ರ ಸುಳ್ಳಾಗತೈತಿ ತಾಯಿ. ತಿಲ್ಲಿ ಗಿಲ್ಲಿ ನನಗ ಗೊತ್ತಿರಲಿಲ್ಲ, ಅದು ಖರೇ. ಆದರ ಹೊಟ್ಟಿ ಬಿಗದಿದ್ದು, ಮೈ ತಣ್ಣಗಾಗಿದ್ದು ಕೈಗೆ ತಿಳದಿತ್ತು. ಇದೇನೋ ಬ್ಯಾರೆ ಐತಿ ಅಂತ ಕೈ ಹೇಳ್ತು. ಅಷ್ಟರಾಗ ಮಂದಿ ಕೈ ಹತ್ತಿತು ಅಂದ್ರು. ನಾ ಮಂದಿ ಮಾತು ಕೇಳಿದ್ನಿ. ಚಲೋ ಅನಸ್ತು ಅದು, ಕೇಳಾಕ.”

ನೀಲಗಂಗವ್ವ ಅಳಲಿಲ್ಲ. ಅಳುವ ದಿನಗಳು ಅವಳಿಗೆ ಮುಗಿದಿದ್ದವು.

“ಮಾಫಿ ಕೇಳಬ್ಯಾಡ್ರಿ. ಕೇಳಿದ್ರ ನಾ ಹೋಗ್ಲಿ ಬಿಡ್ರಿ ಅನಬೇಕಾಗತೈತಿ. ನನಗ ಅನ್ನಾಕ ಆಗೂದಿಲ್ಲ.”

“ಮತ್ತ ಏನ ಮಾಡ್ಲವ್ವಾ?”

ಅವಳು ಚಾಪೆಯ ಕಡೆ ನೋಡಿದಳು.

“ನಾಳೆ ಯಾರರೆ ಬಂದ ಬರ್ತಾರ. ಅವರಿಗೆ ನಿಮ್ಮ ಮಗನ ಕಥಿ ಹೇಳಬ್ಯಾಡ್ರಿ. ಉಳದವನ ಕಥಿ ಕೇಳಿದ್ರ ದೇವರು ದೊಡ್ಡಾಂವ ಅಂತ ಎದ್ದು ಹೋಗ್ತಾರ. ನನ್ನ ಗಂಡನ ಹೆಸರು ಹೇಳ್ರಿ.”

ಅಷ್ಟು ಹೇಳಿ ಅಂಗಡಿಗೆ ಹೋಗಿ ಹೊಲಿಯಲು ಕುಳಿತಳು.

ನಾಲ್ಕು ದಿನದ ಮೇಲೆ ಕದರಮಂಡಲಗಿಯಿಂದ ಒಂದು ಟೆಂಪೋ ಬಂದು ಓಣಿಯಲ್ಲಿ ನಿಂತಿತು. ಹೇಮಪ್ಪನೆಂಬ ಒಕ್ಕಲಿಗನನ್ನು ಎತ್ತು ಗೋಡೆಗೆ ಒತ್ತಿ ಹಿಡಿದಿತ್ತಂತೆ. ತಮ್ಮಂದಿರಿಬ್ಬರು ಅವನನ್ನು ಇಳಿಸಲು ಹೊರಟಿದ್ದರು.

“ಹನಿ ರಕ್ತ ಬಂದಿಲ್ರಿ ಅಮ್ಮಾರ. ಒಂದೀಟು ಕೈ ಆಡಿಸಿಬಿಡ್ರಿ.”

“ಇಳಸಬ್ಯಾಡ್ರಿ. ಗಾಡಿ ಬಂದ್ ಮಾಡಬ್ಯಾಡ್ರಿ,” ಎಂದಳು ಕುಲ್ಸುಮಬಿ. ಅಷ್ಟರಲ್ಲಿ ಜಾಹೀದಾ ಟೆಂಪೋದೊಳಗೆ ಹತ್ತಿ ಅವನ ಮಣಿಕಟ್ಟು ಹಿಡಿದಿದ್ದಳು. ಓಣಿಯ ಮನೆಗಳಿಂದ ಒಬ್ಬೊಬ್ಬರೇ ಹೊರಗೆ ಬಂದು ನಿಂತರು.

“ಯಾಕ್ರಿ? ಕೈ ಹಾಕೂದಿಲ್ಲೇನ್ರಿ?”

“ಹಾಕೂದಿಲ್ಲ. ಯಾಕ ಅಂತ ಕೇಳ್ರಿ. ಮೈಲಪ್ಪ ಅಂತ ಒಬ್ಬಾಂವ ಇದ್ದ, ಇದ ಪೇಟ್ಯಾಗ ಹಮಾಲಿ ಮಾಡತಿದ್ದ. ಅವಗೂ ಹನಿ ರಕ್ತ ಬಂದಿರಲಿಲ್ಲ. 'ದವಾಖಾನಿಗೆ ಒಯ್ಲೇನ್ರಿ' ಅಂತ ಅವನ ಹೆಂಡತಿ ನನ್ನ ಕೇಳಿದ್ಳು—”

“ಅಮ್ಮೀ, ನಾಡಿ ಓಡಾಕತ್ತೈತಿ,” ಎಂದಳು ಜಾಹೀದಾ. “ರಾಣೆಬೆನ್ನೂರು. ಈಗಿಂದೀಗ. ನಾನೂ ಹೋಗ್ತೇನಿ.”

ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಡಿ ಹತ್ತಿದರು. ಕಥೆ ಅರ್ಧಕ್ಕೇ ಉಳಿಯಿತು. ಟೆಂಪೋ ತಿರುಗಿ ಕೆಂಪು ಧೂಳಿನೊಳಗೆ ಹೋಯಿತು.

ಉಳಿದರ್ಧವನ್ನು ಕುಲ್ಸುಮಬಿ ಓಣಿಯಲ್ಲಿ ನಿಂತಿದ್ದವರಿಗೆ ಹೇಳಿದಳು.